ವಿಜಾಪುರದ ಹುಂಡಿಯಿಂದ ಎಟಿಎಂವರೆಗೆ

ನಿಮ್ಮ ಶಾಲೆಯಲ್ಲಿ ಓದಿದ ವಿದ್ಯಾರ್ಥಿಯೊಬ್ಬ ಈಗ ಜರ್ಮನಿಯ ಯಾವುದೋ ನಗರದಲ್ಲಿದ್ದಾನೆ ಎಂದು ಭಾವಿಸಿ. ಅವನ ಉಳಿತಾಯ ಖಾತೆ ಇರುವುದು ಸಿಂದಗಿಯಲ್ಲಿ. ತೊಗರಿ ಮಾರಿ ಬಂದ ಹಣವನ್ನು ಅವನ ತಂದೆ ಆ ಖಾತೆಗೆ ತುಂಬಿದ್ದಾರೆ. ವಿದ್ಯಾರ್ಥಿ ಗೋಡೆಯಲ್ಲಿ ಹುದುಗಿಸಿದ ಯಂತ್ರಕ್ಕೆ ಕಾರ್ಡು ತೂರಿಸಿ ನಾಲ್ಕು ಅಂಕಿಗಳನ್ನು ಒತ್ತುತ್ತಾನೆ. ಅರ್ಧ ನಿಮಿಷದೊಳಗೆ ಯೂರೋ ನೋಟುಗಳು ಹೊರಬರುತ್ತವೆ. ಹಾಗಾದರೆ ಸಿಂದಗಿಯಿಂದ ಜರ್ಮನಿಗೆ ಹೋದದ್ದು ಏನು?

ನೋಟಂತೂ ಹೋಗಲಿಲ್ಲ. ಯಂತ್ರದಲ್ಲಿದ್ದ ನೋಟುಗಳು ಆ ಊರಿನ ಬ್ಯಾಂಕು ತುಂಬಿಟ್ಟವು. ಜರ್ಮನಿಯಿಂದ ಭಾರತಕ್ಕೆ ಒಂದು ಪ್ರಶ್ನೆ ಹೋಯಿತು, ಭಾರತದಿಂದ ಒಂದು ಉತ್ತರ ಬಂದಿತು, ಅಷ್ಟೇ. ದೂರದ ಊರಿನಲ್ಲಿ ನಮ್ಮ ಹಣ ನಮ್ಮ ಕೈಗೆ ಬರುವಾಗ ಪ್ರಯಾಣ ಮಾಡುವುದು ಹಣವಲ್ಲ, ಮಾಹಿತಿ. ಈ ಉಪಾಯ ಕಂಪ್ಯೂಟರಿನೊಡನೆ ಹುಟ್ಟಿದ್ದಲ್ಲ. ನಮ್ಮ ಜಿಲ್ಲೆಯಲ್ಲೇ ಅದಕ್ಕೆ ಸುಮಾರು ಮುನ್ನೂರೈವತ್ತು ವರ್ಷಗಳ ಹಿಂದಿನ ಲಿಖಿತ ದಾಖಲೆಯಿದೆ. ಅಲ್ಲಿಂದಲೇ ಕಥೆ ಆರಂಭಿಸೋಣ.

ನೂರಕ್ಕೆ ಮೂರು

ಜಾನ್ ಬಾಪ್ಟಿಸ್ಟ್ ತಾವೆರ್ನಿಯೆ ಹದಿನೇಳನೆಯ ಶತಮಾನದ ಫ್ರೆಂಚ್ ರತ್ನ ವ್ಯಾಪಾರಿ. 1630ರ ದಶಕದಿಂದ 1668ರವರೆಗೆ ಪೂರ್ವದೇಶಗಳಿಗೆ ಆರು ಸಲ ಬಂದುಹೋದ ಆತ 1676ರಲ್ಲಿ ತನ್ನ ಪ್ರವಾಸ ಗ್ರಂಥವನ್ನು ಪ್ರಕಟಿಸಿದ. ವಜ್ರ ಕೊಳ್ಳಲು ಒಳನಾಡಿಗೆ ಬರುವ ವ್ಯಾಪಾರಿ ಚಿನ್ನದ ಚೀಲ ಹೊತ್ತು ತಿರುಗಿದರೆ ದರೋಡೆಕೋರರಿಗೆ ಆಹ್ವಾನ ಕೊಟ್ಟಂತೆ. ಆದ್ದರಿಂದ ಅವನಂಥವರು ಒಳನಾಡಿನ ಊರಿನಲ್ಲಿ ಅಲ್ಲಿನ ಶರಾಫನಿಂದ ಹಣ ಪಡೆದು, ಅದನ್ನು ಸೂರತ್ ಬಂದರಿನಲ್ಲಿ ತೀರಿಸುವುದಾಗಿ ಹುಂಡಿ ಬರೆದುಕೊಡುತ್ತಿದ್ದರು. ಗಡುವು ಸಾಮಾನ್ಯವಾಗಿ ಎರಡು ತಿಂಗಳು.

ಯಾವ ಊರಿನಲ್ಲಿ ಸೂರತ್ ಮೇಲಿನ ಹುಂಡಿಗೆ ನೂರಕ್ಕೆ ಎಷ್ಟು ವಟ್ಟ ಕೊಡಬೇಕು ಎಂಬುದನ್ನು ತಾವೆರ್ನಿಯೆ ಪಟ್ಟಿ ಮಾಡಿದ್ದಾನೆ. ಢಾಕಾದಲ್ಲಿ 10, ಪಟ್ನಾದಲ್ಲಿ 7ರಿಂದ 8, ಗೋಲ್ಕೊಂಡದಲ್ಲಿ 4ರಿಂದ 5. ವಿಜಾಪುರದಲ್ಲಿ 3. ಆದಿಲಶಾಹಿಗಳ ಈ ರಾಜಧಾನಿ 1686ರಲ್ಲಿ ಔರಂಗಜೇಬನ ಕೈಸೇರುವ ಮೊದಲಿನ ಮಾತಿದು.

ಈ ಅಂಕಿಗಳನ್ನು ಭೂಪಟದ ಪಕ್ಕದಲ್ಲಿಟ್ಟು ನೋಡಿ. ದೂರ ಹೆಚ್ಚಿದಂತೆ ದರ ಹೆಚ್ಚುತ್ತದೆ. ಆದರೆ ದೂರವೊಂದೇ ಕಾರಣವಲ್ಲ. ದಾರಿಯಲ್ಲಿನ ಸಣ್ಣ ರಾಜರು ಸರಕು ತಮ್ಮ ಸೀಮೆಯ ಮೂಲಕವೇ ಹಾದು ಸುಂಕ ಕೊಡಬೇಕೆಂದು ಪಟ್ಟು ಹಿಡಿದ ವರ್ಷಗಳಲ್ಲಿ ದರ ನೂರಕ್ಕೆ ಒಂದೆರಡು ಏರುತ್ತಿತ್ತೆಂದು ಅವನೇ ಬರೆದಿದ್ದಾನೆ. ಸರಕು ದರೋಡೆಯಾದರೆ ಕೊಟ್ಟ ಹಣವೂ ಮುಳುಗಿತೆಂಬ ಅಪಾಯ ಸಾಲ ಕೊಟ್ಟವನದು. ಅಂದರೆ ಆ ಮೂರು ರೂಪಾಯಿಯಲ್ಲಿ ಬಡ್ಡಿ, ವಿಮೆ, ಹಣ ಬದಲಾಯಿಸುವ ಕೂಲಿ ಎಲ್ಲವೂ ಅಡಗಿದ್ದವು. ಈ ‘3’ ಎಂಬ ಅಂಕಿಯನ್ನು ನೆನಪಿನಲ್ಲಿಡಿ. ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ಹುಂಡಿಯೊಳಗಿನ ಗಣಿತ

ಹುಂಡಿ ಎಂದರೆ ಬರಿಯ ಚೀಟಿಯಲ್ಲ. ಕಂಡೊಡನೆ ಹಣ ಕೊಡಬೇಕಾದದ್ದು ದರ್ಶನಿ ಹುಂಡಿ. ಗಡುವು ಮುಗಿದ ಮೇಲೆ ಕೊಡಬೇಕಾದದ್ದು ಮುದ್ದತಿ ಹುಂಡಿ. ಸರಕು ಸುರಕ್ಷಿತವಾಗಿ ಮುಟ್ಟಿದರೆ ಮಾತ್ರ ಹಣ ಕೊಡಬೇಕೆಂಬ ಷರತ್ತಿನದು ಜೋಖಮಿ ಹುಂಡಿ. ಮಾರುಕಟ್ಟೆಯಲ್ಲಿ ಹೆಸರು ಮಾಡಿದ ವರ್ತಕನಿಗೆ ಅಥವಾ ಅವನ ಮೂಲಕ ಬಂದವನಿಗೆ ಮಾತ್ರ ಹಣ ಸಲ್ಲುವಂಥದ್ದು ಶಾಹಜೋಗ್ ಹುಂಡಿ. ಅದನ್ನು ಕದ್ದವನು ತಾನೇ ಹೋಗಿ ಹಣ ಕೇಳುವಂತಿಲ್ಲ, ಏಕೆಂದರೆ ಅವನನ್ನು ಗುರುತಿಸುವ ವರ್ತಕ ಬೇಕು. ಹುಂಡಿ ಕಳೆದುಹೋದರೆ ಎರಡನೆಯ ಪ್ರತಿಗೆ ಪೈಠ್, ಅದೂ ಕಳೆದರೆ ಮೂರನೆಯದಕ್ಕೆ ಪರಪೈಠ್ ಎಂಬ ಹೆಸರುಗಳಿದ್ದವು. ಒಂದು ಪ್ರತಿಗೆ ಹಣ ಸಂದರೆ ಉಳಿದವು ರದ್ದು.

ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಹುಂಡಿಯಲ್ಲಿ ಮೊತ್ತವನ್ನು ಒಂದೇ ಸಲ ಬರೆದು ಬಿಡುತ್ತಿರಲಿಲ್ಲ. ನೂರು ರೂಪಾಯಿ ಎಂದು ಬರೆದು, ಅದರ ಅರ್ಧ ಐವತ್ತು, ಅದರ ಇಮ್ಮಡಿ ನೂರು ಎಂದು ಮತ್ತೆ ಹೇಳುತ್ತಿದ್ದರು. ಯಾರಾದರೂ ನೂರರ ಮುಂದೆ ಒಂದು ಸೊನ್ನೆ ಸೇರಿಸಿದರೆ ಅರ್ಧದ ಲೆಕ್ಕ ತಾಳೆಯಾಗದು. ಒಂದೇ ವಿಷಯವನ್ನು ಬೇರೆ ರೂಪದಲ್ಲಿ ಮತ್ತೊಮ್ಮೆ ಹೇಳಿ ತಪ್ಪನ್ನು ಪತ್ತೆಹಚ್ಚುವ ಈ ಕ್ರಮಕ್ಕೆ ಕ್ಲಾಡ್ ಶಾನನ್ 1948ರ ತನ್ನ ಸಂವಹನ ಸಿದ್ಧಾಂತದಲ್ಲಿ ಗಣಿತದ ತಳಹದಿ ಹಾಕಿದ. ನಮ್ಮ ಸಾಹುಕಾರರು ಆ ಗಣಿತ ಓದದೆಯೇ ಅದರ ಉಪಯೋಗ ಕಂಡುಕೊಂಡಿದ್ದರು. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯೂ ದೇಶಭಾಷೆಗಳ ಪತ್ರಗಳಿಗೆ ಸಂಬಂಧಿಸಿದ ಸ್ಥಳೀಯ ರೂಢಿಯನ್ನು ಕೈಬಿಡದೆ ಉಳಿಸಿತು.

ಅಂಚೆಯಣ್ಣ ತಂದ ಹಣ

ಹುಂಡಿ ವರ್ತಕರ ಸಾಧನ. ಕೂಲಿಕಾರನ ಹತ್ತು ರೂಪಾಯಿಗೆ ಹುಂಡಿ ಬರೆದುಕೊಡುವವರು ಯಾರು? ಆ ಕೊರತೆ ತುಂಬಿದ್ದು ಅಂಚೆ ಇಲಾಖೆ. 1880ರ ಜನವರಿ 1ರಂದು ಭಾರತದ ಅಂಚೆ ಕಚೇರಿಗಳಲ್ಲಿ ಮನಿಯಾರ್ಡರ್ ಆರಂಭವಾಯಿತು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳಿಗೆ ಬರಗಾಲ ಹೊಸದಲ್ಲ. ಮಳೆ ಕೈಕೊಟ್ಟ ವರ್ಷ ದುಡಿಯಲು ಮುಂಬಯಿ, ಪುಣೆ, ಗೋವಾಗಳಿಗೆ ಹೋಗುವುದೂ ಹೊಸದಲ್ಲ. ನಾನು ಚಿಕ್ಕವನಿದ್ದಾಗ ಇಂಡಿ ತಾಲೂಕಿನ ನಮ್ಮ ಹಳ್ಳಿಗೆ ಅಂಚೆಯಣ್ಣ ಬಂದನೆಂದರೆ ಮೂರು ನಾಲ್ಕು ಮನೆಗಳ ಮುದುಕಿಯರು ಕಟ್ಟೆಯ ಮೇಲೆ ಬಂದು ಕೂರುತ್ತಿದ್ದರು. ಹೆಬ್ಬೆಟ್ಟು ಒತ್ತಿಸಿಕೊಂಡು, ಒಬ್ಬ ಸಾಕ್ಷಿಯ ಸಹಿ ಪಡೆದು ಅವನು ನೋಟು ಎಣಿಸಿ ಕೊಡುತ್ತಿದ್ದ. ಫಾರ್ಮಿನ ತುದಿಯ ಚೂರಿನಲ್ಲಿ ಮಗ ಬರೆಸಿದ ಎರಡು ಸಾಲನ್ನು ಓದಿ ಹೇಳುವ ಕೆಲಸ ನನ್ನದಾಗಿತ್ತು. ಹಣದ ಜೊತೆ ಬರುವ ಸುದ್ದಿಯೇ ಅವರಿಗೆ ಮುಖ್ಯವೆಂದು ಆಗ ನನಗೆ ತೋಚಿರಲಿಲ್ಲ.

ಇಲ್ಲಿಯೂ ಮುಂಬಯಿಯ ನೋಟು ಹಳ್ಳಿಗೆ ಬರುತ್ತಿರಲಿಲ್ಲ. ಫಾರ್ಮು ಬರುತ್ತಿತ್ತು, ನೋಟನ್ನು ನಮ್ಮ ಅಂಚೆ ಕಚೇರಿ ಕೊಡುತ್ತಿತ್ತು. ಹೆಬ್ಬೆಟ್ಟು ಮತ್ತು ಸಾಕ್ಷಿಗಳೇ ಅಂದಿನ ಗುರುತಿನ ಪರೀಕ್ಷೆ. ಬಹುಕಾಲ ಇದರ ಶುಲ್ಕ ಇಪ್ಪತ್ತು ರೂಪಾಯಿಗೆ ಒಂದು ರೂಪಾಯಿ, ಅಂದರೆ ಶೇಕಡ 5. ತಾವೆರ್ನಿಯೆ ವಿಜಾಪುರದಲ್ಲಿ ಕೊಟ್ಟ ದರಕ್ಕಿಂತ ಬಡವನ ದರ ಹೆಚ್ಚು! ಮನಿಯಾರ್ಡರಿನ ಹಳೆಯ ಕಾಗದದ ರೂಪ 2015ರಲ್ಲಿ ನಿಂತುಹೋಯಿತು.

ಅತ್ತ ಯೂರೋಪಿನ ಪ್ರವಾಸಿಗಳಿಗಾಗಿ ಲಂಡನ್ನಿನ ರಾಬರ್ಟ್ ಹೆರಿಸ್ 1772ರಲ್ಲಿ ಹಲವು ನಗರಗಳಲ್ಲಿ ಹಣವಾಗಿ ಬದಲಿಸಬಹುದಾದ ಪತ್ರಗಳನ್ನು ಹೊರತಂದಿದ್ದ. 1891ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಕಂಪನಿ ಪ್ರವಾಸಿ ಚೆಕ್ಕನ್ನು ಜಾರಿಗೆ ತಂದಿತು. ಕೊಳ್ಳುವಾಗ ಒಂದು ಸಹಿ, ಹಣ ಪಡೆಯುವಾಗ ಗುಮಾಸ್ತನ ಎದುರು ಇನ್ನೊಂದು ಸಹಿ. ಎರಡೂ ತಾಳೆಯಾದರೆ ಹಣ. ಈ ಎಲ್ಲ ಉಪಾಯಗಳಲ್ಲೂ ಒಂದು ಮಿತಿಯಿತ್ತು: ಗುಮಾಸ್ತ ಬಾಗಿಲು ತೆರೆದು ಕುಳಿತಿರಬೇಕು.

ಗೋಡೆಯೊಳಗಿನ ಗುಮಾಸ್ತ

1967ರ ಜೂನ್ 27ರಂದು ಉತ್ತರ ಲಂಡನ್ನಿನ ಎನ್‌ಫೀಲ್ಡ್‌ನಲ್ಲಿ ಬಾರ್‌ಕ್ಲೇಸ್ ಬ್ಯಾಂಕು ಹಣ ಕೊಡುವ ಯಂತ್ರವೊಂದನ್ನು ಉದ್ಘಾಟಿಸಿತು. ಅದನ್ನು ರೂಪಿಸಿದ ತಂಡದ ಮುಖ್ಯಸ್ಥ ಜಾನ್ ಶೆಫರ್ಡ್ ಬ್ಯಾರನ್ ಹುಟ್ಟಿದ್ದು 1925ರಲ್ಲಿ, ನಮ್ಮ ಶಿಲ್ಲಾಂಗಿನಲ್ಲಿ. ಆ ಯಂತ್ರಕ್ಕೆ ಪ್ಲಾಸ್ಟಿಕ್ ಕಾರ್ಡು ಇರಲಿಲ್ಲ. ಗ್ರಾಹಕ ಬ್ಯಾಂಕಿನಿಂದ ಮೊದಲೇ ತಂದ ವಿಶೇಷ ಕಾಗದದ ಚೀಟಿಯನ್ನು ತೂರಿಸಬೇಕಿತ್ತು. ಚೀಟಿಯಲ್ಲಿ ಲೇಪಿಸಿದ್ದು ಕಾರ್ಬನ್-14!

ಪ್ರಾಚೀನ ವಸ್ತುಗಳ ಕಾಲ ನಿರ್ಣಯದಲ್ಲಿ ನೀವು ಓದಿರುವ ಅದೇ ವಿಕಿರಣಶೀಲ ಸಮಸ್ಥಾನಿ. ಇದರ ಅರ್ಧಾಯು ಸುಮಾರು 5,730 ವರ್ಷ, ಆದ್ದರಿಂದ ಚೀಟಿಯ ಗುರುತು ಮಾಸುವ ಭಯವಿಲ್ಲ. ಅದು ಹೊರಸೂಸುವ ಬೀಟಾ ಕಣಗಳ ಶಕ್ತಿ ತೀರ ಕಡಿಮೆ, ಆದ್ದರಿಂದ ಜೇಬಿನಲ್ಲಿಟ್ಟುಕೊಂಡರೆ ತೊಂದರೆಯಿಲ್ಲ. ಯಂತ್ರ ಆ ವಿಕಿರಣವನ್ನು ಗುರುತಿಸಿ, ಗ್ರಾಹಕ ಒತ್ತಿದ ಗುಪ್ತ ಸಂಖ್ಯೆಯೊಡನೆ ತಾಳೆ ನೋಡಿ, ಹತ್ತು ಪೌಂಡು ಕೊಡುತ್ತಿತ್ತು. ಗುಪ್ತ ಸಂಖ್ಯೆಯನ್ನೂ ಸಂಕೇತ ತುಂಬಿದ ಕಾರ್ಡನ್ನೂ ಜೋಡಿಸುವ ವಿಧಾನಕ್ಕೆ ಸ್ಕಾಟ್ಲೆಂಡಿನ ಎಂಜಿನಿಯರ್ ಜೇಮ್ಸ್ ಗುಡ್‌ಫೆಲೊ 1966ರಲ್ಲೇ ಪೇಟೆಂಟ್ ಸಲ್ಲಿಸಿದ್ದ.

ಭಾರತದ ಮೊದಲ ಎಟಿಎಂ ಬಂದದ್ದು 1987ರಲ್ಲಿ, ಮುಂಬಯಿಯ ಎಚ್‌ಎಸ್‌ಬಿಸಿ ಬ್ಯಾಂಕಿನಿಂದ. ಬಹುಕಾಲ ಒಂದು ಬ್ಯಾಂಕಿನ ಕಾರ್ಡು ಇನ್ನೊಂದರ ಯಂತ್ರದಲ್ಲಿ ನಡೆಯುತ್ತಿರಲಿಲ್ಲ. ಬ್ಯಾಂಕುಗಳನ್ನು ದೇಶದಾದ್ಯಂತ ಬೆಸೆಯುವ ನ್ಯಾಷನಲ್ ಫೈನಾನ್ಷಿಯಲ್ ಸ್ವಿಚ್ ಜಾಲವನ್ನು ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆ 2004ರಲ್ಲಿ ಆರಂಭಿಸಿತು. 2009ರಲ್ಲಿ ಅದು ಎನ್‌ಪಿಸಿಐ ಕೈಗೆ ಬಂದಿತು.

ಕಾರ್ಡಿನ ಮೇಲಿನ ಅಂಕಿಗಳು

ಕಾರ್ಡಿನ ಹಿಂದಿನ ಕಪ್ಪು ಪಟ್ಟಿ ಕ್ಯಾಸೆಟ್ ಟೇಪಿನ ತುಂಡಿನಂತೆಯೇ. ಕಾಂತೀಯ ಕಣಗಳ ದಿಕ್ಕು ಎಲ್ಲಿ ಬದಲಾಗುತ್ತದೆಯೋ ಅಲ್ಲಿ, ಪಟ್ಟಿಯನ್ನು ಓದುಗ ಸುರುಳಿಯ ಮುಂದೆ ಎಳೆದಾಗ, ಫ್ಯಾರಡೆ ನಿಯಮದಂತೆ ವಿದ್ಯುತ್ ಮಿಡಿತ ಹುಟ್ಟುತ್ತದೆ. ಎಟಿಎಂ ಓದುವ ಎರಡನೆಯ ಹಾದಿಯಲ್ಲಿ ಹೆಚ್ಚೆಂದರೆ 40 ಅಕ್ಷರಗಳು. ಪ್ರತಿ ಅಕ್ಷರಕ್ಕೆ ಐದು ಬಿಟ್, ಅದರಲ್ಲಿ ಒಂದು ತಪ್ಪು ಹಿಡಿಯಲೆಂದೇ ಮೀಸಲು. ಆದರೆ ಕ್ಯಾಸೆಟ್ಟಿನಂತೆ ಇದನ್ನೂ ನಕಲು ಮಾಡಬಹುದು. ಆದ್ದರಿಂದಲೇ ಚಿಪ್ ಬಂದಿತು. ಚಿಪ್ ಪ್ರತಿ ವ್ಯವಹಾರಕ್ಕೂ ಹೊಸ ಗೂಢಸಂಕೇತವನ್ನು ಲೆಕ್ಕಹಾಕಿ ಕೊಡುತ್ತದೆ, ನಿನ್ನೆಯದು ಇಂದಿಗೆ ನಡೆಯದು. ಬರಿಯ ಕಾಂತಪಟ್ಟಿಯ ಕಾರ್ಡುಗಳನ್ನು 2018ರ ಅಂತ್ಯದೊಳಗೆ ಬದಲಿಸಬೇಕೆಂದು ರಿಸರ್ವ್ ಬ್ಯಾಂಕು ಆದೇಶಿಸಿತ್ತು.

ಕಾರ್ಡಿನ ಸಂಖ್ಯೆಯ ಮೊದಲ ಆರು ಅಥವಾ ಎಂಟು ಅಂಕಿಗಳು ಯಾವ ಬ್ಯಾಂಕಿನದೆಂದು ತಿಳಿಸುವ ವಿಳಾಸ. ಕೊನೆಯ ಅಂಕಿ ತಪಾಸಣೆಯದು. ಐಬಿಎಂನ ಹ್ಯಾನ್ಸ್ ಪೀಟರ್ ಲುನ್ 1954ರಲ್ಲಿ ಪೇಟೆಂಟಿಗೆ ಸಲ್ಲಿಸಿದ ವಿಧಾನವಿದು. ತರಗತಿಯಲ್ಲಿ ಮಾಡಿ ನೋಡಬಹುದು. 5736 ಎಂಬ ಸಂಖ್ಯೆ ತೆಗೆದುಕೊಳ್ಳಿ. ಬಲದಿಂದ ಎರಡನೆಯ ಅಂಕಿಯಿಂದ ಆರಂಭಿಸಿ ಒಂದು ಬಿಟ್ಟು ಒಂದನ್ನು ಇಮ್ಮಡಿಸಿ. 3 ಹೋಗಿ 6 ಆಯಿತು. 5 ಹೋಗಿ 10 ಆಯಿತು, ಅದರ ಅಂಕಿಗಳನ್ನು ಕೂಡಿದರೆ 1. ಈಗ 1, 7, 6, 6 ಕೂಡಿದರೆ 20. ಮೊತ್ತ ಹತ್ತರಿಂದ ನಿಶ್ಶೇಷವಾಗಿ ಭಾಗವಾದರೆ ಸಂಖ್ಯೆ ಸರಿ. ಕೈತಪ್ಪಿ 5376 ಎಂದು ಬರೆದರೆ ಮೊತ್ತ 15, ತಪ್ಪು ಸಿಕ್ಕಿಬಿತ್ತು. ಅಕ್ಕಪಕ್ಕದ ಅಂಕಿಗಳ ಅದಲುಬದಲಿನಲ್ಲಿ ಒಂದೇ ಒಂದು ಜೋಡಿ ಈ ಪರೀಕ್ಷೆಯಿಂದ ತಪ್ಪಿಸಿಕೊಳ್ಳುತ್ತದೆ. ಯಾವುದೆಂದು ವಿದ್ಯಾರ್ಥಿಗಳೇ ಹುಡುಕಲಿ. ಹುಂಡಿಯ ಅರ್ಧ ಮತ್ತು ಇಮ್ಮಡಿಗಳ ನೆನಪಾಯಿತಲ್ಲವೆ?

ಪ್ರಶ್ನೆ ಹೋಗಿ ಉತ್ತರ ಬರುವ ದಾರಿ

ಈಗ ಜರ್ಮನಿಯ ವಿದ್ಯಾರ್ಥಿಯ ಬಳಿಗೆ ಮರಳೋಣ. ಅವನು ಒತ್ತಿದ ಗುಪ್ತ ಸಂಖ್ಯೆ ಕೀಲಿಮಣೆಯೊಳಗೇ ಗೂಢಲಿಪಿಯಾಗುತ್ತದೆ. ಯಂತ್ರ ಅದನ್ನು ತನ್ನ ಬ್ಯಾಂಕಿಗೆ, ಆ ಬ್ಯಾಂಕು ಅಂತಾರಾಷ್ಟ್ರೀಯ ಕಾರ್ಡು ಜಾಲಕ್ಕೆ, ಜಾಲವು ಭಾರತದ ಬ್ಯಾಂಕಿನ ಕಂಪ್ಯೂಟರಿಗೆ ಕಳುಹಿಸುತ್ತದೆ. ಯಾವ ದೇಶದ ಯಂತ್ರವಾದರೂ ಇನ್ನೊಂದಕ್ಕೆ ಅರ್ಥವಾಗಲೆಂದು ಸಂದೇಶದ ರೂಪವನ್ನು ಐಎಸ್‌ಒ 8583 ಎಂಬ ಮಾನಕ 1987ರಿಂದ ನಿಗದಿಪಡಿಸಿದೆ. ಖಾತೆಯಲ್ಲಿ ಹಣವಿದೆಯೆ, ಗುಪ್ತ ಸಂಖ್ಯೆ ಸರಿಯೆ ಎಂದು ನೋಡಿ ಬ್ಯಾಂಕು ‘ಕೊಡಿ’ ಎನ್ನುತ್ತದೆ. ಬ್ಯಾಂಕುಗಳು ತಮ್ಮತಮ್ಮ ಲೆಕ್ಕವನ್ನು ಆಮೇಲೆ ಚುಕ್ತಾ ಮಾಡಿಕೊಳ್ಳುತ್ತವೆ.

ಕಾಲದ ಲೆಕ್ಕ ಹಾಕೋಣ. ದ್ಯುತಿತಂತುವಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಕೇಬಲಿನ ದಾರಿ 10,000 ಕಿ.ಮೀ. ಎಂದುಕೊಂಡರೆ ಹೋಗಿಬರಲು ಬೇಕಾದದ್ದು 0.1 ಸೆಕೆಂಡು. ವಿಜಾಪುರದಿಂದ ಸೂರತ್ತಿಗೆ ನೇರ ದೂರವೇ 550 ಕಿ.ಮೀ. ಮೀರುತ್ತದೆ. ಹುಂಡಿ ಒಯ್ಯುವ ಹರಿಕಾರ ದಿನಕ್ಕೆ 40 ಕಿ.ಮೀ. ನಡೆದನೆಂದರೂ ಎರಡು ವಾರ, ಅಂದರೆ ಹನ್ನೆರಡು ಲಕ್ಷ ಸೆಕೆಂಡು. ಸಂದೇಶಕ್ಕೆ ಹಿಡಿಯುವ ಕಾಲ ಕೋಟಿ ಪಟ್ಟಿಗಿಂತಲೂ ಹೆಚ್ಚು ಕುಗ್ಗಿದೆ.

ದಾರಿ ಮುರಿದಾಗ

ಇಷ್ಟೆಲ್ಲ ಇದ್ದೂ ಯಂತ್ರ ‘ಇಲ್ಲ’ ಎಂದರೆ? ನನಗೆ ಅದರ ಅನುಭವವಿದೆ. 2003ರಲ್ಲಿ ಸಂಶೋಧನೆಗೆಂದು ಯೂರೋಪಿಗೆ ಹೋಗಿದ್ದಾಗ ಒಂದು ಶನಿವಾರ ಸಂಜೆ ಯಂತ್ರ ನನ್ನ ಕಾರ್ಡನ್ನು ನುಂಗಿಬಿಟ್ಟಿತು. ಆ ಕಾರ್ಡು ಹೊರದೇಶದಲ್ಲಿ ನಡೆಯುವಂಥದ್ದೇ ಅಲ್ಲವೆಂದು ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಜೇಬಿನಲ್ಲಿ ಒಂದು ಹೊತ್ತಿನ ಊಟಕ್ಕಾಗುವಷ್ಟು ನಾಣ್ಯ. ಅದೇ ಸಂಸ್ಥೆಯಲ್ಲಿದ್ದ ಮುದ್ದೇಬಿಹಾಳದ ತರುಣನೊಬ್ಬ ನೂರು ಯೂರೋ ಕೈಗಿಟ್ಟ. “ಊರಾಗ ನಮ್ಮ ಅಪ್ಪಾರು ನಿಮ್ಮ ಮನಿಗೆ ರೂಪಾಯಿ ಮುಟ್ಟಸ್ತಾರಪಾ” ಎಂದೆ. “ಬ್ಯಾಡ್ರಿ ಸರ್, ಅದು ಹವಾಲಾ ಆಗ್ತದ, ಕಾಯ್ದೆ ಒಪ್ಪಂಗಿಲ್ಲ. ನಿಮ್ಮ ಸ್ಟೈಪೆಂಡ್ ಬಂದ ಮ್ಯಾಲೆ ಇಲ್ಲೇ ಕೊಡ್ರಿ” ಎಂದು ನಕ್ಕ. ಜಾಲ ನನ್ನನ್ನು ಗುರುತಿಸಲಿಲ್ಲ, ಮುದ್ದೇಬಿಹಾಳ ಗುರುತಿಸಿತು.

ನನ್ನದು ಎರಡು ದಿನದ ಫಜೀತಿ. ಇತಿಹಾಸದಲ್ಲಿ ಇದಕ್ಕಿಂತ ದೊಡ್ಡವಿವೆ. ನಮ್ಮವರು ದುಡಿಯಲು ಹೋಗುವ ಗೋವಾ 1961ರ ಡಿಸೆಂಬರಿನವರೆಗೆ ಪೋರ್ಚುಗೀಸರ ಆಳ್ವಿಕೆಯಲ್ಲಿದ್ದ ಪರದೇಶ. ಅಲ್ಲಿನ ಬ್ಯಾಂಕು ಬಾಂಕೊ ನಾಸಿಯೊನಾಲ್ ಉಲ್ಟ್ರಾಮರಿನೊ. ವಿಮೋಚನೆಗೆ ಮುನ್ನ ಗೋವಾದ ಜನ ಒತ್ತೆಯಿಟ್ಟಿದ್ದ ಚಿನ್ನವನ್ನು ಅದು ಲಿಸ್ಬನ್ನಿಗೆ ಸಾಗಿಸಿತು. ಆ ಚಿನ್ನ ಮರಳಿದ್ದು 1991ರಲ್ಲಿ, ಮೂವತ್ತು ವರ್ಷಗಳ ಮೇಲೆ. 2022ರ ಫೆಬ್ರುವರಿ 24ರಂದು ಯುದ್ಧ ಆರಂಭವಾದೊಡನೆ ಉಕ್ರೇನಿನ ಕೇಂದ್ರ ಬ್ಯಾಂಕು ದಿನಕ್ಕೆ ಒಂದು ಲಕ್ಷ ಹ್ರಿವ್ನಿಯಾ ಮಾತ್ರ ನಗದು ಪಡೆಯಬಹುದೆಂದು ಮಿತಿ ಹಾಕಿತು, ವಿದೇಶಿ ನೋಟು ಕೊಡುವುದನ್ನು ನಿಲ್ಲಿಸಿತು. ಕರ್ನಾಟಕದ ನೂರಾರು ವೈದ್ಯಕೀಯ ವಿದ್ಯಾರ್ಥಿಗಳು ಆಗ ಅಲ್ಲಿದ್ದರು. ಮುಂದಿನ ತಿಂಗಳು ವೀಸಾ ಮತ್ತು ಮಾಸ್ಟರ್‌ಕಾರ್ಡ್ ರಷ್ಯಾದಲ್ಲಿ ಕೆಲಸ ನಿಲ್ಲಿಸಿದಾಗ ಹೊರದೇಶಗಳಲ್ಲಿದ್ದ ರಷ್ಯನ್ನರ ಕಾರ್ಡುಗಳು ಬರಿಯ ಪ್ಲಾಸ್ಟಿಕ್ ಆದವು. ಖಾತೆಯಲ್ಲಿ ಹಣ ಇದ್ದೇ ಇತ್ತು, ದಾರಿ ಇರಲಿಲ್ಲ.

ಆದ್ದರಿಂದ ಹೊರಡುವ ವಿದ್ಯಾರ್ಥಿಗಳಿಗೆ ನೀವು ನಾಲ್ಕು ಮಾತು ಹೇಳಿಕಳುಹಿಸಿ. ಒಂದು, ಕಾರ್ಡು ಹೊರದೇಶದಲ್ಲಿ ನಡೆಯುತ್ತದೆಯೆ ಎಂದು ಬ್ಯಾಂಕಿನಲ್ಲಿ ಕೇಳಿ, ಆ ಸೌಲಭ್ಯವನ್ನು ಚಾಲೂ ಮಾಡಿಸಬೇಕು. ಎರಡು ಬೇರೆ ಜಾಲಗಳ ಕಾರ್ಡು, ಜೊತೆಗೆ ಒಂದಿಷ್ಟು ನಗದು ಇರಲಿ. ಎರಡು, ಅನಿವಾಸಿಯಾದ ಮೇಲೆ ಸಾಮಾನ್ಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕೆಂದು ಕಾನೂನಿದೆ. ಮೂರು, ಬ್ಯಾಂಕಿನ ಹೆಸರೇ ಬದಲಾಗಬಹುದು. ನಮ್ಮ ಬಿಜಾಪುರ ಗ್ರಾಮೀಣ ಬ್ಯಾಂಕು 2005ರಲ್ಲಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿತು, ಅದು 2025ರ ಮೇ 1ರಂದು ಕರ್ನಾಟಕ ಗ್ರಾಮೀಣ ಬ್ಯಾಂಕಿನ ಭಾಗವಾಯಿತು. ಇಂಥ ಸಮಯದಲ್ಲಿ ಊರಿನ ಮನೆಯವರು ಬ್ಯಾಂಕಿನ ಸೂಚನೆಗಳನ್ನು ಗಮನಿಸುತ್ತಿರಬೇಕು. ನಾಲ್ಕು, ಹೊರದೇಶದ ಯಂತ್ರ ‘ರೂಪಾಯಿಯಲ್ಲಿ ಲೆಕ್ಕ ಹಾಕಲೆ?’ ಎಂದು ಕೇಳಿದರೆ ಬೇಡವೆಂದು ಹೇಳಿ ಆ ದೇಶದ ಹಣವನ್ನೇ ಆರಿಸಬೇಕು. ರೂಪಾಯಿಯ ಆಯ್ಕೆಯಲ್ಲಿ ಯಂತ್ರದ ಒಡೆಯ ತನ್ನ ದರ ಹಚ್ಚುತ್ತಾನೆ.

ಉಳಿದುಬಂದ ಮೂರು

ಈಗ ಮೊದಲಿನ ಅಂಕಿಗೆ ಬರೋಣ. ವಿದೇಶದಲ್ಲಿ ನಗದು ತೆಗೆದರೆ ನಮ್ಮ ಅನೇಕ ಬ್ಯಾಂಕುಗಳು ಶೇಕಡ 2ರಿಂದ 3.5ರವರೆಗೆ ವಿನಿಮಯದ ಹೆಚ್ಚುವರಿ ಹಾಕುತ್ತವೆ. ಅದರ ಮೇಲೆ ಪ್ರತಿ ಸಲಕ್ಕೆ ನಿಗದಿತ ಶುಲ್ಕ. ಶುಲ್ಕ 150 ರೂಪಾಯಿ, ಹೆಚ್ಚುವರಿ ಶೇಕಡ 3.5 ಎಂದು ಹಿಡಿದು ಲೆಕ್ಕ ಮಾಡಿ. 3,000 ರೂಪಾಯಿಯಷ್ಟು ತೆಗೆದವನಿಗೆ ಬಿದ್ದ ವೆಚ್ಚ ಶೇಕಡ 8.5. 15,000 ತೆಗೆದವನಿಗೆ ಶೇಕಡ 4.5. ಕೈಯಲ್ಲಿ ಕಡಿಮೆ ಇದ್ದವನಿಗೇ ಹೆಚ್ಚು ಹೊರೆ.

ದುಡಿಯಲು ಹೋದವರು ಊರಿಗೆ ಹಣ ಕಳುಹಿಸುವಾಗಲೂ ಹೀಗೆಯೇ. ವಿಶ್ವ ಬ್ಯಾಂಕಿನ ಲೆಕ್ಕದಲ್ಲಿ 200 ಡಾಲರ್ ಕಳುಹಿಸಲು ಜಗತ್ತಿನ ಸರಾಸರಿ ವೆಚ್ಚ ಶೇಕಡ 6ಕ್ಕಿಂತ ಹೆಚ್ಚು. ಅದನ್ನು 2030ರೊಳಗೆ ಶೇಕಡ 3ಕ್ಕಿಂತ ಕೆಳಗಿಳಿಸಬೇಕೆಂಬುದು ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಒಂದು. ಎಂದರೆ, ಹರಿಕಾರನ ಕಾಲದಲ್ಲಿ ವಿಜಾಪುರದ ಶರಾಫ ಎರಡು ತಿಂಗಳ ಬಡ್ಡಿಯನ್ನೂ ಸೇರಿಸಿ ಪಡೆಯುತ್ತಿದ್ದ ದರವನ್ನು ಬೆಳಕಿನ ವೇಗದ ಕಾಲದ ಜಗತ್ತು ಗುರಿಯಾಗಿ ಇಟ್ಟುಕೊಂಡಿದೆ!

ಭೌತವಿಜ್ಞಾನ ತನ್ನ ಪಾಲಿನ ಕೆಲಸ ಮುಗಿಸಿದೆ. ಸಂದೇಶದ ಕಾಲ ಕೋಟಿ ಪಟ್ಟು ಇಳಿಯಿತು, ಅದರ ವೆಚ್ಚ ಲೆಕ್ಕಕ್ಕೆ ಸಿಗದಷ್ಟು ಚಿಕ್ಕದಾಯಿತು. ಉಳಿದಿರುವ ಮೂರೋ ಆರೋ ರೂಪಾಯಿ ದೂರದ ಬೆಲೆಯಲ್ಲ. ಅದು ಅಪರಿಚಿತರ ನಡುವಿನ ನಂಬಿಕೆಯ ಬೆಲೆ, ಎರಡು ದೇಶಗಳ ನಾಣ್ಯದ ಗಡಿಯ ಬೆಲೆ, ದಾರಿಯಲ್ಲಿ ಸುಂಕ ಕೇಳುವ ಹೊಸ ರಾಜರ ಬೆಲೆ. ಆ ಗಡಿ ಕರಗಿಸಲೂಬಹುದು. ನಮ್ಮ ಯುಪಿಐ ಮತ್ತು ಸಿಂಗಪುರದ ಪೇನೌ 2023ರ ಫೆಬ್ರುವರಿ 21ರಂದು ಒಂದಕ್ಕೊಂದು ಬೆಸೆದುಕೊಂಡದ್ದು ಅದಕ್ಕೆ ಸಾಕ್ಷಿ.

ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದವರು. ಪರರ ಹಣವನ್ನು ಲೆಕ್ಕ ತಪ್ಪದೆ ಕಾಯುವುದು ಎಷ್ಟು ಘನವಾದ ಕೆಲಸವೆಂದು ಈ ನೆಲಕ್ಕೆ ಎಂಟುನೂರು ವರ್ಷಗಳಿಂದ ಗೊತ್ತಿದೆ. ಯಂತ್ರದ ಮುಂದೆ ನಿಂತ ಸಿಂದಗಿಯ ಹುಡುಗ ನಾಲ್ಕು ಅಂಕಿ ಒತ್ತಿ ಕಾಯುವ ಆ ಅರ್ಧ ನಿಮಿಷದಲ್ಲಿ ಪರೀಕ್ಷೆಗೆ ಒಳಗಾಗುವುದು ಅದೇ ನಂಬಿಕೆ.